ಎಲೆಯಕ್ಕ ನೆನೆಹಾಕಿದ ಎಲೆಗಳು

ಆ ಮನೆಯಲ್ಲಿ ಎಲೆಯಕ್ಕನೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲರ ಹೆಸರೂ ನಾಲ್ಕು ಜನ ಓದುವ ಕಡೆ ಇತ್ತು. ಗಂಡನ ಹೆಸರು ಅವನು ಓಡಿಸುವ ಸಾಮಾನಿನ ಗಾಡಿಯ ಹಿಂಬದಿಯಲ್ಲಿ ಕೆಂಪು ಬಣ್ಣದಲ್ಲಿ ರಾರಾಜಿಸುತ್ತಿತ್ತು. ಓರಗಿತ್ತಿಯ ಹೆಸರು ಅವಳ ಹೊಲಿಗೆ ಅಂಗಡಿಯ ಬೋರ್ಡಿನ ಮೇಲೆ, ಸುತ್ತ ಮಿಣುಕು ದೀಪಗಳನ್ನು ಹಾಕಿಸಿಕೊಂಡು ಕೂತಿತ್ತು. ಅತ್ತೆಗೆ ಅಕ್ಷರವೇ ಬಾರದು, ಆದರೂ ಅವರ ಹೆಸರು ಗೇಟಿನ ಪಕ್ಕದ ಕಲ್ಲಿನಲ್ಲಿ ಕೊರೆದಿತ್ತು. ಮಾವ ಬದುಕಿದ್ದಾಗ ಆಸೆಪಟ್ಟು ಕೆತ್ತಿಸಿದ್ದು. ಎಲೆಯಕ್ಕನ ಹೆಸರು ಕರೆಂಟ್ ಬಿಲ್ಲಿನಲ್ಲೂ ಇರಲಿಲ್ಲ. ಇದೇನು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ಹೆಸರು ಹಾಕಿಸಿಕೊಂಡವರೆಲ್ಲ ಹಾಗೇ ಕೇಳುತ್ತಾರೆ.

ಎಲೆಯಕ್ಕ ಎನ್ನುವುದು ಅವಳಿಗೆ ಕೆಲಸದಿಂದ ಅಂಟಿಕೊಂಡದ್ದು. ಊರಾಚೆ, ದಟ್ಟ ಹಸಿರು ಕಾಡಿನ ಅಂಚಿಗೆ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಅವಳು ಸಹಾಯಕಿ. ಆಗತಾನೇ ಉದುರಿದ ಎಲೆಗಳನ್ನು ಕಾಡಿನಿಂದ ಹೆಕ್ಕಿ ತರಬೇಕು. ಒಣಗಿಸಿ, ತೂಗಿ, ಬಲೆಯ ಚೀಲಗಳಿಗೆ ತುಂಬಿ ಬಾಯಿ ಹೊಲಿಯಬೇಕು. ಆಮೇಲೆ ಆ ಚೀಲಗಳನ್ನು ಅದೇ ಕಾಡಿಗೆ ಹೊತ್ತುಕೊಂಡು ಹೋಗಿ, ಅದೇ ನೆಲದ ಮೇಲೆ ಹಾಸಿ, ಗೂಟ ಹೊಡೆದು ಬರಬೇಕು. ಕೆಲಸಕ್ಕೆ ಸೇರಿದ ದಿನ ಇದನ್ನೆಲ್ಲ ಮನೆಯಲ್ಲಿ ವಿವರಿಸಿದಾಗ ಅತ್ತೆ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು. ಉದುರಿದ ಎಲೆಯನ್ನು ತಂದು ಮತ್ತೆ ಅಲ್ಲೇ ಹಾಕಿ ಬರುವುದಕ್ಕೂ ಸಂಬಳ ಕೊಡುತ್ತಾರೆಂದರೆ ಕೊಡುವವರ ತಲೆ ನೆಟ್ಟಗಿದೆಯೋ ಇಲ್ಲವೋ ವಿಚಾರಿಸು ಎಂದರು. ಅಂದಿನಿಂದ ಅವರ ಬಾಯಲ್ಲಿ ಅದು ಕಸದ ಕೆಲಸ.

ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಗುರಿಯಾದವರು ಕೇಂದ್ರದ ಮುಖ್ಯಸ್ಥರು. ಊರಿನವರು ಅವರನ್ನು ಹುಳದ ಡಾಕ್ಟರು ಎನ್ನುತ್ತಿದ್ದರು. ಶುರುವಿನಲ್ಲಿ ಕೆಲವರು ಮಕ್ಕಳ ಹೊಟ್ಟೆನೋವಿಗೆ ಔಷಧಿ ಕೇಳಿಕೊಂಡು ಬಂದದ್ದೂ ಉಂಟು. ಒಳ್ಳೆಯ ಮನುಷ್ಯ, ಸಿಟ್ಟು ಕಡಿಮೆ, ಮರೆವು ಜಾಸ್ತಿ. ಅವರಿಗೆ ಒಂದೇ ಪ್ರಶ್ನೆಯ ಹುಚ್ಚು: ಮರದಿಂದ ಬಿದ್ದ ಎಲೆ ಎಂಥದ್ದು ಎನ್ನುವುದರ ಮೇಲೆ ನೆಲದ ಹುಳುಗಳ ಬದುಕು ಹೇಗೆ ನಿಂತಿದೆ? ಕಾಡಿನ ನೆಲದ ಮೇಲೆ ಬಿದ್ದ ಎಲೆಯನ್ನು ಗೆದ್ದಲು, ಎರೆಹುಳು, ಸಾವಿರ ಕಾಲಿನ ಹುಳು, ಕಣ್ಣಿಗೆ ಕಾಣದ ನುಸಿ ಎಲ್ಲವೂ ಸೇರಿ ಕಡಿದು, ಅಗಿದು ಮಣ್ಣು ಮಾಡುತ್ತವೆ. ಅವು ಕೆಲಸ ನಿಲ್ಲಿಸಿದರೆ ಕಾಡು ತನ್ನ ಕಸದೊಳಗೇ ಹೂತುಹೋಗುತ್ತದೆ. ಆದರೆ ಎಲ್ಲ ಎಲೆಯೂ ಒಂದೇ ಅಲ್ಲ. ಕೆಲವು ಮೆದು, ಸತ್ವದ್ದು, ಬಿದ್ದ ಕೂಡಲೇ ಪಂಕ್ತಿ ಹಾಕಿಕೊಂಡು ತಿನ್ನುವಂಥದ್ದು. ಕೆಲವು ಒಗರು, ಕಹಿ, ಚಪ್ಪಲಿಗೆ ಹಾಕಬಹುದಾದಷ್ಟು ಗಟ್ಟಿ.

ಪ್ರಯೋಗಕ್ಕೆ ಡಾಕ್ಟರು ಎರಡು ಮರ ಆರಿಸಿಕೊಂಡರು. ಅವುಗಳ ಶಾಸ್ತ್ರೀಯ ಹೆಸರು ನಾಲಿಗೆ ಹೊರಳದಂಥದ್ದಾದ್ದರಿಂದ ಎಲೆಯಕ್ಕ ಒಂದನ್ನು ಮೆದು ಎಲೆ, ಇನ್ನೊಂದನ್ನು ಚರ್ಮದೆಲೆ ಎಂದು ಕರೆದಳು. ಆಮೇಲೆ ಡಾಕ್ಟರೂ ಹಾಗೇ ಕರೆಯತೊಡಗಿದರು. ಮರಕ್ಕೆ ಹೆಸರಿಟ್ಟವಳು ಇವಳು ಎಂಬುದು ವಾರದೊಳಗೆ ಅವರಿಗೆ ಮರೆತುಹೋಯಿತು.

ಅವಳ ಸಾಮ್ರಾಜ್ಯ ಹಿಂದಿನ ಕೋಣೆ. ಒಂದು ಕಡೆ ಒಲೆಯಂಥ ಒಣಗಿಸುವ ಪೆಟ್ಟಿಗೆ, ತಕ್ಕಡಿ, ಬಲೆಯ ಸುರುಳಿ, ದಬ್ಬಳ. ಇನ್ನೊಂದು ಕಡೆ ಸಾಲಾಗಿ ತಗಡಿನ ಆಲಿಕೆಗಳು. ಕಾಡಿನಿಂದ ವಾಪಸು ತಂದ ಚೀಲವನ್ನು ಆಲಿಕೆಯಲ್ಲಿ ಬಿಡಿಸಿಟ್ಟು ಮೇಲೆ ಬಲ್ಬು ಉರಿಸಿದರೆ, ಶಾಖ ತಾಳಲಾರದ ಹುಳುಗಳು ಇಳಿದು ಇಳಿದು ಬುಡದ ಸ್ಪಿರಿಟ್ ಬಾಟಲಿಗೆ ಬೀಳುತ್ತವೆ. ಅವನ್ನು ಗಾಜಿನ ತಟ್ಟೆಗೆ ಸುರಿದು, ಸೂಕ್ಷ್ಮದರ್ಶಕದ ಕೆಳಗೆ ಜಾತಿ ಜಾತಿ ಬೇರೆ ಮಾಡಿ ಎಣಿಸುವವಳೂ ಅವಳೇ. ಧೂಳು ಕಂಡರೆ ಸಾಲಾಗಿ ಸೀನುವ ಡಾಕ್ಟರು ಆ ಕೋಣೆಯ ಬಾಗಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಒತ್ತಿ, ಕೆಲಸ ಎಲ್ಲಿಗೆ ಬಂತು ಎಂದು ಕೇಳಿ ಹೋಗುತ್ತಿದ್ದರು.

ಚರ್ಮದೆಲೆ ಮೊದಲ ದಿನದಿಂದಲೇ ಕಾಟ ಕೊಟ್ಟಿತು. ಒಣಗಿದ ಕೂಡಲೇ ಸುರುಳಿ ಸುತ್ತಿಕೊಳ್ಳುತ್ತಿತ್ತು. ಚೀಲಕ್ಕೆ ತುರುಕಲು ಹೋದರೆ ಪಟಪಟ ಮುರಿದು ಚೂರು ಚೂರಾಗುತ್ತಿತ್ತು. ಚೂರು ಬಲೆಯ ಕಣ್ಣಿನಿಂದ ಉದುರಿದರೆ ತೂಕದ ಲೆಕ್ಕವೇ ಹಾಳು ಎಂದು ಡಾಕ್ಟರು ಒಮ್ಮೆ ಬೇಸರಪಟ್ಟುಕೊಂಡರು. ಎಲೆಯಕ್ಕನಿಗೆ ಅವಮಾನವಾಯಿತು. ಮೊಂಡು ಎಲೆಯೇ, ನಿನ್ನನ್ನು ದಾರಿಗೆ ತರುತ್ತೇನೆ ನೋಡು ಎಂದುಕೊಂಡಳು. ಮರುದಿನ ಚರ್ಮದೆಲೆಗಳನ್ನು ದೊಡ್ಡ ಪಾತ್ರೆಯ ಬಿಸಿನೀರಲ್ಲಿ ನೆನೆಹಾಕಿದಳು. ನೀರು ಕಡು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಅದನ್ನು ಚೆಲ್ಲಿ ಹೊಸ ನೀರು ಹಾಕಿದಳು. ಬಣ್ಣ ಬಿಡುವುದು ನಿಂತ ಮೇಲೆ ಎಲೆಗಳನ್ನು ಹಳೆಯ ಪೇಪರಿನ ನಡುವೆ ಹರಡಿ, ಮೇಲೆ ಇಟ್ಟಿಗೆ ಹೇರಿ, ಆಮೇಲೆ ಒಣಗಿಸಿ ತೂಗಿದಳು. ಎಲೆ ಇಸ್ತ್ರಿ ಹೊಡೆದ ಅಂಗಿಯಂತೆ ಸಪಾಟಾಗಿ, ಒಂದು ಚೂರೂ ಮುರಿಯದೆ ಚೀಲದೊಳಗೆ ಮಲಗಿತು. ಡಾಕ್ಟರು ಬಾಗಿಲಲ್ಲೇ ನಿಂತು, ಎಷ್ಟು ನೀಟಾಗಿ ತುಂಬಿದ್ದೀರಿ ಎಂದರು.

ಹೇಗೆ ಎಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬಡಿಸಿದವರು ಪಾತ್ರೆ ಹೇಗೆ ಉಜ್ಜಿದೆವೆಂದು ಉಣ್ಣುವವರಿಗೆ ಹೇಳುತ್ತಾರೆಯೇ? ಮೆದು ಎಲೆಗೆ ಈ ಉಪಚಾರ ಬೇಕಿರಲಿಲ್ಲ; ಅದು ಪಾಪ, ಹೇಳಿದ ಮಾತು ಕೇಳಿಕೊಂಡು ಒಣಗುತ್ತಿತ್ತು. ಹೀಗೆ ಹಂಗಾಮಿನ ಮೇಲೆ ಹಂಗಾಮು ಚರ್ಮದೆಲೆಗೆ ಸ್ನಾನ, ಮೆದು ಎಲೆ ಹಾಗೇ.

ಅಲ್ಲಿಯವರೆಗೆ ಪಂಡಿತರೆಲ್ಲ ನಂಬಿದ್ದು, ಹುಳುಗಳು ಮೆದು ಎಲೆಗೇ ಮುಗಿಬೀಳುತ್ತವೆ, ಒಗರು ಎಲೆಯನ್ನು ಮೂಸಿಯೂ ನೋಡುವುದಿಲ್ಲ ಎಂದು. ಡಾಕ್ಟರ ಚೀಲಗಳು ಉಲ್ಟಾ ಹೇಳಿದವು. ಮೆದು ಎಲೆಯ ಚೀಲಕ್ಕೆ ಹುಳುಗಳು ಬಂದವು, ತಿಂದವು, ತಿಂದು ಮುಗಿದ ಮೇಲೆ ಕೈತೊಳೆದುಕೊಂಡು ಹೊರಟುಹೋದವು. ಚರ್ಮದೆಲೆಯ ಚೀಲದಲ್ಲಿ ಜಾತ್ರೆಯೋ ಜಾತ್ರೆ. ಸಾವಿರ ಕಾಲಿನ ಹುಳು ಸಂಸಾರ ಸಮೇತ ಬಂದು ಬಿಡಾರ ಹೂಡಿತ್ತು. ಎಲೆಯಕ್ಕ ಎಣಿಸಿ ಎಣಿಸಿ ಕಣ್ಣು ಕೆಂಪಗೆ ಮಾಡಿಕೊಂಡಳು. ಡಾಕ್ಟರು ಊಟ ನಿದ್ದೆ ಬಿಟ್ಟು ಯೋಚಿಸಿ ಒಂದು ಸಿದ್ಧಾಂತ ಕಂಡುಹಿಡಿದರು: ಹುಳುಗಳಿಗೆ ಊಟಕ್ಕಿಂತ ಮನೆ ಮುಖ್ಯ. ಬೇಗ ಕೊಳೆಯುವ ಸಿಹಿ ಎಲೆಗಿಂತ ಬಹಳ ದಿನ ಬಾಳುವ ಕಹಿ ಎಲೆಯೇ ಅವಕ್ಕೆ ಬೇಕು. ಹೆಂಡತಿಯನ್ನು ಬೇರೊಂದು ಊರಲ್ಲಿ ಬಿಟ್ಟು, ಕೇಂದ್ರದ ಅತಿಥಿ ಕೋಣೆಯಲ್ಲಿ ಬಿಸ್ಕತ್ತು ತಿಂದುಕೊಂಡಿದ್ದ ಮನುಷ್ಯ ಮನೆಯ ಮಹತ್ವದ ಬಗ್ಗೆ ಉದ್ದನೆಯ ಲೇಖನ ಬರೆದರು.

ಅದು ದೂರದೇಶದ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಡಾಕ್ಟರನ್ನು ಅಲ್ಲಿಗೆ ಇಲ್ಲಿಗೆ ಭಾಷಣಕ್ಕೆ ಕರೆದರು. ಎಲೆಯಕ್ಕನಿಗೂ ಹೆಮ್ಮೆಯೇ. ಪತ್ರಿಕೆ ಬಂದ ದಿನ ಅದನ್ನು ಎತ್ತಿಕೊಂಡು, ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಹೆಸರುಗಳಿವೆಯಲ್ಲ, ಏನು ಸರ್ ಎಂದು ಕೇಳಿದಳು. ಅದು ಕೃತಜ್ಞತೆ ಎಂದು ಡಾಕ್ಟರು ಖುಷಿಯಿಂದ ಓದಿ ಹೇಳಿದರು. ಮಳೆಯ ಅಂಕಿಅಂಶ ಕೊಟ್ಟ ಹವಾಮಾನ ಕಚೇರಿಗೆ, ಜೀಪು ಕೊಟ್ಟ ಅರಣ್ಯಾಧಿಕಾರಿಗೆ, ವ್ಯಾಕರಣ ತಿದ್ದಿದ ಗೆಳೆಯನಿಗೆ, ತಾಳ್ಮೆಯಿಂದಿದ್ದ ಹೆಂಡತಿಗೆ. ಓದಿ ಮುಗಿಸಿ ಪತ್ರಿಕೆ ಮಡಚಿದರು. ಇನ್ನೇನಾದರೂ ಇರಬಹುದೆಂದು ಎಲೆಯಕ್ಕ ಸ್ವಲ್ಪ ಹೊತ್ತು ನಿಂತೇ ಇದ್ದಳು.

ಮನೆಯಲ್ಲಿ ಓರಗಿತ್ತಿ ಕೇಳಿಯೇ ಕೇಳಿದಳು, ನಿನ್ನ ಹೆಸರು ಎಲ್ಲಿದೆ ಅಕ್ಕ ಎಂದು. ಕೇಳಿದ್ದರಲ್ಲಿ ಕೆಡುಕೇನೂ ಇರಲಿಲ್ಲ. ಕೆಡುಕಿಲ್ಲದ ಪ್ರಶ್ನೆಯೇ ಹೆಚ್ಚು ಚುಚ್ಚುವುದು. ಮುಂದಿನದರಲ್ಲಿ ಬರುತ್ತದಂತೆ ಎಂದು ಎಲೆಯಕ್ಕ ಸುಳ್ಳು ಹೇಳಿದಳು. ಹೇಳಿದ ಸುಳ್ಳನ್ನು ನಿಜ ಮಾಡೋಣವೆಂದು ಎರಡನೇ ಲೇಖನದ ಹೊತ್ತಿಗೆ ಧೈರ್ಯ ಮಾಡಿ ಡಾಕ್ಟರನ್ನು ಕೇಳಿದಳು. ಅಯ್ಯೋ, ಖಂಡಿತ, ನೀವಿಲ್ಲದೆ ಆಗುತ್ತದೆಯೇ ಎಂದರು ಅವರು. ಹಾಗೆಂದದ್ದು ಅವರಿಗೆ ನೆನಪಿತ್ತೋ ಇಲ್ಲವೋ, ಎರಡನೇ ಲೇಖನದ ಕೃತಜ್ಞತೆಯಲ್ಲಿ ಜೀಪಿನ ಡ್ರೈವರನ್ನೂ ಸೇರಿಸಿದ್ದರು. ಅಂದು ಎಲೆಯಕ್ಕನಿಗೆ ಹುಳ ಎಣಿಸುವಾಗ ಕಣ್ಣು ಮಂಜಾಗಿ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಅವಳಿಗೆ ಬಡ್ತಿ ಬೇಡವಾಗಿತ್ತು, ಸನ್ಮಾನ ಬೇಡವಾಗಿತ್ತು. ಇದನ್ನು ನಾನು ಮಾಡಿದೆ ಎಂದು ಅಚ್ಚಿನಲ್ಲಿ ಒಂದು ಸಾಲು ಬೇಕಿತ್ತು, ಅಷ್ಟೇ.

ಅಷ್ಟರಲ್ಲಿ ಡಾಕ್ಟರ ಗುರುಗಳು ಕೇಂದ್ರಕ್ಕೆ ಬರುತ್ತಾರೆಂಬ ಸುದ್ದಿ ಬಂತು. ಬಿಳಿಗೂದಲಿನ ಹಿರಿಯ ಮೇಡಂ; ಬದುಕೆಲ್ಲ ಕಾಡಿನ ನೆಲವನ್ನೇ ಕೆದಕಿದವರು. ಶಿಷ್ಯನ ಹೊಸ ಸಿದ್ಧಾಂತ ಅವರ ಹಳೆಯ ಸಿದ್ಧಾಂತವನ್ನು ಮೂಲೆಗೆ ಸೇರಿಸಿತ್ತು. ಅದನ್ನು ಕಣ್ಣಾರೆ ನೋಡಿ ಹೋಗುತ್ತೇನೆಂದು ಬರೆದಿದ್ದರು. ಡಾಕ್ಟರು ಮೂರು ದಿನ ಮೊದಲೇ ಎಲ್ಲರಿಗೂ ಹೇಳಿದರು, ಅವರು ಏನು ಕೇಳಿದರೂ ಮುಚ್ಚಿಡದೆ ಹೇಳಬೇಕು, ನಮ್ಮ ಕೆಲಸದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು. ಎಲೆಯಕ್ಕ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಲೇಖನದಲ್ಲಿ ಸಿಗದ ಜಾಗ ಈ ಮೇಡಂ ಮುಂದಾದರೂ ಸಿಗಲಿ ಎಂದು, ಮನೆಯಲ್ಲಿ ಅಡುಗೆ ಮಾಡುವಾಗೆಲ್ಲ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಮೇಡಂ ಬಂದವರು ಭಾಷಣಕ್ಕೆ ಕೂರದೆ ಸೀದಾ ಹಿಂದಿನ ಕೋಣೆಗೆ ನುಗ್ಗಿದರು. ಅವರಿಗೆ ಧೂಳಿನ ಭಯವಿರಲಿಲ್ಲ. ಡಾಕ್ಟರೂ ವಿಧಿಯಿಲ್ಲದೆ ಸೀನುತ್ತ ಹಿಂದೆ ಬಂದರು. ಮೇಡಂ ಕಾಡಿಗೆ ಹೋಗಲು ತಯಾರಾಗಿದ್ದ ಒಂದು ಚೀಲವನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು.

"ಈ ಎಲೆ ಒಣಗಿದ್ರೆ ಸುರುಳಿ ಸುತ್ಕೊಳ್ಳತ್ತೆ. ನಾನು ಇದರ ಜೊತೆ ವರ್ಷಗಟ್ಟಲೆ ಒದ್ದಾಡಿದೀನಿ. ಇದು ಇಷ್ಟು ಸಪಾಟಾಗಿ ಹೇಗೆ ಬಂತು?"

ಡಾಕ್ಟರು ಎಲೆಯಕ್ಕನ ಕಡೆ ಕೈ ತೋರಿಸಿ, ಇವರ ಕೈಗುಣ ಎಂದು ನಕ್ಕರು. ಇಷ್ಟು ವರ್ಷದಲ್ಲಿ ಅವರು ಕೊಟ್ಟ ಮೊದಲ ಕೃತಜ್ಞತೆ ಅದು, ಅದೂ ಎಂಥ ಗಳಿಗೆಯಲ್ಲಿ. ಎಲೆಯಕ್ಕನ ಎದೆ ಉಬ್ಬಿತು.

"ಹಾಗೇ ತುಂಬಿದ್ರೆ ಪುಡಿಪುಡಿ ಆಗ್ತಿತ್ತು ಮೇಡಂ. ಅದಕ್ಕೆ ಮೊದ್ಲು ಬಿಸಿನೀರಲ್ಲಿ ನೆನೆಹಾಕ್ತೀನಿ."

"ಮೆದು ಎಲೆಗೂ?"

"ಇಲ್ಲ ಮೇಡಂ, ಅದಕ್ಕೇನೂ ಬೇಕಾಗಲ್ಲ. ಇದಕ್ಕೊಂದಕ್ಕೇ."

ಡಾಕ್ಟರ ಮುಖದ ನಗು ಇದ್ದಲ್ಲೇ ನಿಂತಿತು. ಎಲೆಯಕ್ಕ ಅದನ್ನು ಗಮನಿಸಲಿಲ್ಲ. ಅವಳಿಗೆ ಈಗ ತಡೆಯಿರಲಿಲ್ಲ. ಪಾತ್ರೆ ತೋರಿಸಿದಳು. ಒಂದು ನೀರಿಗೆ ಬಣ್ಣ ಹೋಗುವುದಿಲ್ಲ, ಮೂರು ಸಲವಾದರೂ ಬದಲಾಯಿಸಬೇಕು, ಅವಸರ ಮಾಡಿದರೆ ಒಗರು ಒಳಗೇ ಉಳಿಯುತ್ತದೆ, ತಾನು ನಾಲಿಗೆಗೆ ಮುಟ್ಟಿಸಿ ನೋಡಿ ಆಮೇಲೆಯೇ ತೆಗೆಯುವುದು ಎಂದೆಲ್ಲ ವಿವರಿಸಿದಳು. ಇಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ, ನೀರು ಚೆಲ್ಲಿ ಚೆಲ್ಲಿ ಕಪ್ಪಗಾಗಿದ್ದ ಮೋರಿಯನ್ನೂ ತೋರಿಸಿದಳು. ಮೊದಲ ಹಂಗಾಮಿನಿಂದಲೂ ಒಂದು ಚೀಲಕ್ಕೂ ತಪ್ಪಿಸಿಲ್ಲ, ಬೇಕಾದರೆ ಸರ್ ಅವರನ್ನೇ ಕೇಳಿ, ಒಂದು ಚೂರು ಉದುರಿದ್ದಿಲ್ಲ ಎಂದಳು. ಮೇಡಂ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡರು. ಅವಳ ಕೆಲಸದ ಕಥೆಯನ್ನು ಪೂರ್ತಿ ಕೇಳಿದವರು ಆ ಕೇಂದ್ರದಲ್ಲಿ ಅವರೇ ಮೊದಲಿಗರು. ಕೇಳಿ ಮುಗಿಸಿ, ಮೋರಿಯನ್ನೊಮ್ಮೆ ಶಿಷ್ಯನನ್ನೊಮ್ಮೆ ನೋಡಿ ಮೆಲ್ಲಗೆ ಹೇಳಿದರು.

"ನಿನ್ನ ಹುಳುಗಳು ಕಹಿ ಎಲೆ ಹುಡುಕ್ಕೊಂಡು ಬರ್ಲಿಲ್ಲಪ್ಪಾ. ಕಹಿಯೆಲ್ಲ ಇಲ್ಲಿ ಮೋರಿಗೆ ಹೋಗಿದೆ."

ಎಲೆಯಕ್ಕನಿಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಪಾತ್ರೆಯನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಒಗರು ಹೋದ ಎಲೆ ಬಾಯಿಗೆ ರುಚಿ, ಗಟ್ಟಿತನ ಉಳಿದ ಎಲೆ ಇರಲು ಮನೆ. ಊಟವೂ ವಸತಿಯೂ ಒಟ್ಟಿಗೆ ಸಿಗುವ ಛತ್ರವನ್ನು ತಾನೇ ಕಟ್ಟಿಕೊಟ್ಟು, ಅತಿಥಿಗಳನ್ನೂ ತಾನೇ ಎಣಿಸಿದ್ದಳು. ಡಾಕ್ಟರ ಸಿದ್ಧಾಂತ ಹುಟ್ಟಿದ್ದು ಅವಳ ಪಾತ್ರೆಯೊಳಗೆ.

ಸಂಜೆ ಡಾಕ್ಟರು ಬಾಗಿಲಲ್ಲಿ ಬಂದು ನಿಂತರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀವು?"

"ನೀವು ಕೇಳ್ಲಿಲ್ವಲ್ಲ ಸರ್."

ಅದು ಕೊಂಕು ಮಾತಲ್ಲ, ಇದ್ದ ವಿಷಯ. ಡಾಕ್ಟರಿಗೂ ಅದು ಗೊತ್ತಿತ್ತು. ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಮೇಡಂ ಹೇಳಿದ್ದು ಸರಿಯೋ ತಪ್ಪೋ ನೋಡಬೇಕಿತ್ತು. ಅರ್ಧ ಚೀಲಗಳಿಗೆ ನೆನೆಸಿದ ಚರ್ಮದೆಲೆ, ಅರ್ಧಕ್ಕೆ ನೆನೆಸದ ಚರ್ಮದೆಲೆ ಹಾಕಿ, ಮುಂದಿನ ಹಂಗಾಮಿಗೆ ಕಾಡಿನಲ್ಲಿ ಅಕ್ಕಪಕ್ಕ ಇಟ್ಟರು. ಚೂರಾಗದಂತೆ ನೆನೆಸದ ಎಲೆ ತುಂಬುವುದರಲ್ಲಿ ಎಲೆಯಕ್ಕನ ಬೆರಳೆಲ್ಲ ಗಾಯ. ಆ ತಿಂಗಳುಗಳಲ್ಲಿ ಅವಳು ಒಂದೇ ಆಸೆ ಇಟ್ಟುಕೊಂಡು ಬದುಕಿದಳು: ನೆನೆಸದ ಎಲೆಗೂ ಹುಳ ಬರಲಿ. ತನಗೆ ಹೆಸರು ಬೇಡ, ಏನೂ ಬೇಡ, ಆ ಮನುಷ್ಯನ ಮಾನ ಉಳಿದರೆ ಸಾಕು. ಚೀಲಗಳನ್ನು ತಂದು ಆಲಿಕೆಯಲ್ಲಿಟ್ಟು ಬಲ್ಬು ಹಾಕಿದಾಗ ಒಂದು ಕಡೆಯ ಬಾಟಲಿಯಲ್ಲಿ ಎಂದಿನ ಜಾತ್ರೆ. ಇನ್ನೊಂದು ಕಡೆಯದರಲ್ಲಿ ಒಂದಷ್ಟು ನುಸಿ, ದಾರಿ ತಪ್ಪಿ ಬಂದಂತಿದ್ದ ಒಂದು ಬಸವನಹುಳು. ಅವಳು ಆ ಬಾಟಲಿಯನ್ನು ಮತ್ತೆ ಮತ್ತೆ ಅಲ್ಲಾಡಿಸಿ ನೋಡಿದಳು. ಅಲ್ಲಾಡಿಸಿದರೆ ಹುಳ ಹುಟ್ಟುತ್ತದೆಯೇ? ಇದ್ದದ್ದನ್ನು ಇದ್ದಂತೆ ಎಣಿಸಿ ಕೊಟ್ಟಳು.

ಡಾಕ್ಟರ ಮಾನ ಹೋಗಲಿಲ್ಲ ಎಂಬುದು ಬೇರೆ ಮಾತು. ತಪ್ಪನ್ನು ಒಪ್ಪಿಕೊಂಡ ಪ್ರಾಮಾಣಿಕ ವಿಜ್ಞಾನಿ ಎಂದು ಅವರನ್ನು ಇನ್ನೂ ಎರಡು ಕಡೆ ಭಾಷಣಕ್ಕೆ ಕರೆದರು. ಎಲೆಯ ಗುಣ ಬದಲಾದರೆ ನೆಲದ ಹುಳುಗಳ ಲೋಕವೇ ಬದಲಾಗುತ್ತದೆ ಎನ್ನುವುದಕ್ಕೆ ನೆನೆಸಿದ ಎಲೆಗಿಂತ ಒಳ್ಳೆಯ ಸಾಕ್ಷಿ ಬೇಡ ಎಂದು ಮೇಡಂ ಬೆನ್ನು ತಟ್ಟಿದರು. ಹೊಸ ಪ್ರಯೋಗವೂ ಶುರುವಾಯಿತು. ಅದಕ್ಕೆಲ್ಲ ಮೊದಲು, ಹಳೆಯ ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಹಾಕಿಸುವುದು ಕ್ರಮವಾಗಿತ್ತು.

ತಿದ್ದುಪಡಿ ಅಚ್ಚಾದ ಪುಟವನ್ನು ಡಾಕ್ಟರೇ ತಂದು ಕೊಟ್ಟರು. ಆಲಿಕೆಗಳ ಕಡೆ ನೋಡಿಕೊಂಡು ಅದರ ಅರ್ಥ ಹೇಳಿದರು. ಹಿಂದಿನ ಲೇಖನಗಳ ಫಲಿತಾಂಶಕ್ಕೆ ಕಾರಣ, ಲಿಖಿತ ಸೂಚನೆಯಲ್ಲಿ ಇಲ್ಲದಿದ್ದರೂ ಗಡಸು ಎಲೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದ್ದು; ಹಾಕಿದವರು ಕೇಂದ್ರದ ಸಹಾಯಕಿ ಇಂಥವರು. ಅಲ್ಲಿ ಅವಳ ಹೆಸರಿತ್ತು. ಪೂರ್ತಿ ಹೆಸರು, ಇನಿಷಿಯಲ್ ಸಮೇತ, ಒಂದು ಅಕ್ಷರವೂ ತಪ್ಪಿಲ್ಲದೆ. ಹೆಸರು ಹಾಕಬೇಕೆಂದು ಪತ್ರಿಕೆಯವರು ಕೇಳಿದರು ಎಂದು ಡಾಕ್ಟರು ಗೊಣಗಿ, ಧೂಳಿಲ್ಲದಿದ್ದರೂ ಒಮ್ಮೆ ಸೀನಿ, ಹೊರಟುಹೋದರು.

ಆ ಪುಟ ಅವಳ ಕೈಚೀಲದಲ್ಲಿ ಗಂಡನ ಕೈಗೆ ಸಿಕ್ಕಿತು. ಅವನಿಗೆ ಆ ಭಾಷೆ ಬಾರದು. ಆದರೆ ಹೆಂಡತಿಯ ಹೆಸರಿನ ಅಕ್ಷರಗಳನ್ನು ಗುರುತು ಹಿಡಿದ. ಹಿಡಿದವನೇ ಅದನ್ನೆತ್ತಿಕೊಂಡು ನಾಲ್ಕು ಅಂಗಡಿ ಸುತ್ತಿ ಬಂದ. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿ. ಓರಗಿತ್ತಿ ಅಂಗಡಿ ಬೇಗ ಮುಚ್ಚಿ ಸಿಹಿ ತಂದಳು, ತನ್ನ ಅಕ್ಕನ ಹೆಸರು ದೂರದೇಶದಲ್ಲಿ ಅಚ್ಚಾಗಿದೆ ಎಂದು ಗಿರಾಕಿಗಳಿಗೆಲ್ಲ ಹೇಳಿದೆನೆಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಎಲೆಯಕ್ಕ ಎಲ್ಲರ ಮುಂದೆ ನಕ್ಕಳು, ಸಿಹಿ ತಿಂದಳು. ಅರ್ಧಕ್ಕೇ ಬಿಟ್ಟು ಉಳಿದದ್ದನ್ನು ಗಂಡನ ತಟ್ಟೆಗೆ ಹಾಕಿದಳು.

ಎಲ್ಲರೂ ಎದ್ದುಹೋದ ಮೇಲೆ ಅವಳು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಅತ್ತೆ ಬಾಗಿಲ ಪಕ್ಕದ ಮಣೆಯ ಮೇಲೆ ಬಂದು ಕೂತರು. ದಿನವಿಡೀ ಅವರು ಆ ಪುಟದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಎಲ್ಲಾ ಕುಣೀತಿದಾರೆ, ನೀನ್ಯಾಕೆ ಹೀಗಿದೀಯ? ಏನು ಬರೆದಿದಾರೆ ಅದ್ರಲ್ಲಿ?"

ಸುಳ್ಳು ಹೇಳಬಹುದಿತ್ತು. ಅತ್ತೆಗೆ ಅಕ್ಷರ ಬಾರದು, ಬಂದರೂ ಆ ಭಾಷೆ ಬಾರದು. ಆದರೆ ಎಲೆಯಕ್ಕನಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

"ನನ್ನಿಂದ ತಪ್ಪಾಯ್ತು ಅಂತ ಬರೆದಿದಾರೆ ಅತ್ತೆ. ಹೆಸರು ಹಾಕಿ ಬರೆದಿದಾರೆ."

"ಸರಿಯಾಗಿದೆ ಅಂದ್ಕೊಂಡಿದ್ದಾಗ ಯಾರ ಹೆಸರು ಹಾಕಿದ್ರು?"

"ಅವರದ್ದೇ."

ಅತ್ತೆ, ಪರಿಚಯದ ಯಾರದೋ ಕಥೆ ಕೇಳಿದವರಂತೆ ನಿಟ್ಟುಸಿರು ಬಿಟ್ಟರು.

"ಅಡುಗೆ ಚೆನ್ನಾಗಿದ್ರೆ ನಮ್ಮನೆ ಅಡುಗೆ ಅಂತಾರೆ. ಉಪ್ಪು ಜಾಸ್ತಿ ಆದ ದಿನ, ಯಾರು ಮಾಡಿದ್ದು ಅಂತ ಕೇಳ್ತಾರೆ."

ಎಲೆಯಕ್ಕ ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು. ಆ ಮನೆಯಲ್ಲಿ ಅವಳು ಕಾಲಿಟ್ಟ ದಿನದಿಂದ ಆ ಪ್ರಶ್ನೆ ಕೇಳುತ್ತ ಬಂದವರು ಅತ್ತೆಯೇ. ಅದು ಅವರಿಗೂ ಅದೇ ಗಳಿಗೆಯಲ್ಲಿ ಹೊಳೆದಿರಬೇಕು. ಮುಖ ಬೇರೆ ಕಡೆ ಮಾಡಿಕೊಂಡು, ಸರಿ, ಒರೆಸಿಡ್ತೀನಿ ಕೊಡು ಎಂದು ಒದ್ದೆ ತಟ್ಟೆಗೆ ಕೈ ಚಾಚಿದರು.